ಷಡ್ಡಕನ ಕನ್ನಡಕ

ಯುಗಾದಿಯ ಬೆಳಿಗ್ಗೆ ಯೋಗನರಸಿಂಹಯ್ಯನವರು ಮುಂಬಾಗಿಲಿಗೆ ಕಟ್ಟಿದ ಮಾವಿನ ತೋರಣ ಎಡಗಡೆಗೆ ನಾಲ್ಕು ಬೆರಳು ಇಳಿದಿತ್ತು. ಕಟ್ಟಿದವರ ಕಣ್ಣಿಗೆ ಮಾತ್ರ ಅದು ಸ್ಕೇಲಿಟ್ಟು ಎಳೆದ ಗೆರೆಯ ಹಾಗೆ ನೆಟ್ಟಗಿತ್ತು. ಅವರು ಸ್ಟೂಲಿನ ಮೇಲೆ ನಿಂತೇ ಸೊಂಟಕ್ಕೆ ಕೈ ಕೊಟ್ಟು ತಮ್ಮ ಕೆಲಸವನ್ನು ತಾವೇ ಮೆಚ್ಚಿಕೊಳ್ಳುತ್ತಿದ್ದಾಗ ಹೆಂಡತಿ ಕೌಸಲ್ಯ ಒಳಗಿನಿಂದ ಬಂದು, ಎಡಗಡೆ ಸ್ವಲ್ಪ ಎತ್ತಿ ಕಟ್ಟಿ ಅಂದರು. ನೆಟ್ಟಗಿದೆ ಅಂದರು ಇವರು. ಓರೆಯಿದೆ ಅಂದರು ಆಕೆ. ಎದುರುಮನೆ ಅಲಮೇಲಮ್ಮನಿಗೆ ರಂಗೋಲಿ ಬಿಡುವುದಕ್ಕಿಂತ ಬೇರೆಯವರ ಮನೆಯ ವ್ಯಾಜ್ಯ ತೀರ್ಮಾನ ಮಾಡುವುದು ಹೆಚ್ಚು ಇಷ್ಟ. ಆಕೆ ರಂಗೋಲಿ ಬಟ್ಟಲು ಹಿಡಿದುಕೊಂಡೇ ಬೀದಿ ದಾಟಿ ಬಂದು, ತಲೆಯನ್ನು ಆ ಕಡೆ ಈ ಕಡೆ ವಾಲಿಸಿ ನೋಡಿದರು.

"ಓರೆ ಕಣಮ್ಮ ಕೌಸಲ್ಯ. ಪಾಪ, ಅವರದ್ದೇನು ತಪ್ಪು. ಪೊರೆ ತೆಗೆಸಿದ ಕಣ್ಣು."

ಬೇರೆ ಏನಂದಿದ್ದರೂ ಯೋಗನರಸಿಂಹಯ್ಯ ಸಹಿಸುತ್ತಿದ್ದರು. ಆ 'ಪಾಪ' ಅನ್ನುವುದನ್ನು ಸಹಿಸಲಾಗಲಿಲ್ಲ. ತೋರಣ ಸರಿಯಾಗಿಯೇ ಇದೆ, ಬಾಗಿಲೇ ವಾಲಿದೆ ಎಂದು ಹೇಳಿ ಸ್ಟೂಲಿನಿಂದ ಇಳಿದರು. ನೆಲ ಹತ್ತಿರದಲ್ಲೇ ಇದೆ ಎಂದುಕೊಂಡಿದ್ದರು. ಅದು ಇನ್ನೂ ಒಂದು ಗೇಣು ಕೆಳಗಿತ್ತು.

ಗುಬ್ಬಿಯ ರಾಮಮಂದಿರದ ಬೀದಿಯಲ್ಲಿ ಯೋಗನರಸಿಂಹಯ್ಯನವರ ಕಣ್ಣಿಗೆ ಒಂದು ಕಾಲದಲ್ಲಿ ಬೆಲೆಯಿತ್ತು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮೂವತ್ತೊಂದು ವರ್ಷ ಊರಿನವರ ಕ್ರಯಪತ್ರ, ವಿಭಾಗಪತ್ರಗಳನ್ನು ಓದಿದ ಕಣ್ಣು ಅದು. ಅದಕ್ಕಿಂತ ಹೆಚ್ಚಾಗಿ, ಪ್ರತಿ ಯುಗಾದಿ ಸಂಜೆ ರಾಮಮಂದಿರದಲ್ಲಿ ಹೊಸ ಪಂಚಾಂಗ ಓದುತ್ತಿದ್ದವರು ಅವರೇ. ಇಪ್ಪತ್ತು ವರ್ಷ ಓದಿದ್ದರು. ವರ್ಷದ ರಾಜ ಯಾರು, ಮಂತ್ರಿ ಯಾರು, ಮಳೆ ಎಷ್ಟು ಕೊಳಗ ಎಂದು ಹೇಳಿ ಮುಗಿಸಿ, ಹನ್ನೆರಡು ರಾಶಿಗಳ ಆಯ ವ್ಯಯಕ್ಕೆ ಬಂದರೆ ಇಡೀ ಮಂದಿರದಲ್ಲಿ ಕೆಮ್ಮುವವರು ಕೂಡ ಕೆಮ್ಮು ತಡೆದುಕೊಳ್ಳುತ್ತಿದ್ದರು. ವ್ಯಾಪಾರದವರು, ಮಗಳ ಮದುವೆ ಗೊತ್ತುಮಾಡುವವರು, ಎಲ್ಲರೂ ಅವರ ಬಾಯಿಯನ್ನೇ ನೋಡುತ್ತಿದ್ದರು. ಆ ಒಂದು ಗಂಟೆಯ ಹೊತ್ತು ಯೋಗನರಸಿಂಹಯ್ಯ ನವಗ್ರಹಗಳ ಹೆಡ್ ಕ್ಲರ್ಕ್ ಆಗಿರುತ್ತಿದ್ದರು.

ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಬಲಗಣ್ಣಿಗೆ ಪೊರೆ ಬಂತು. ಎಡಗಣ್ಣು ಮೊದಲಿಂದಲೂ ಮಂಜು. ಆ ಯುಗಾದಿಗೆ ಓದಲಾಗುವುದಿಲ್ಲ ಎಂದಾಗ, "ಈ ವರ್ಷಕ್ಕೆ ಮಾತ್ರ" ಎಂದುಕೊಂಡು ಪೀಠ ಹತ್ತಿದವರು ಪಟ್ಟಾಭಿರಾಮ. ಈತ ಇವರ ಷಡ್ಡಕ. ಕೌಸಲ್ಯರ ತಂಗಿ ತುಳಸಮ್ಮನ ಗಂಡ, ರಿಟೈರ್ಡ್ ಹೆಲ್ತ್ ಇನ್ಸ್‌ಪೆಕ್ಟರು, ನಾಲ್ಕು ಮನೆ ಆಚೆ ವಾಸ. ಆ 'ಈ ವರ್ಷ' ಆಮೇಲೆ ಮೂರು ವರ್ಷ ಉದ್ದವಾಯಿತು. ಪೀಠ ವಾಪಸು ಕೊಡಿ ಎಂದು ಬಾಯಿಬಿಟ್ಟು ಕೇಳುವುದಕ್ಕೆ ಯೋಗನರಸಿಂಹಯ್ಯನವರಿಗೆ ಬಿಗುಮಾನ. ಕೇಳದೆ ಕೂತಿರುವುದಕ್ಕೆ ಹೊಟ್ಟೆಕಿಚ್ಚು. ಈ ಮಾತು ಅವರಿಗೆ ಹಿಡಿಸುವುದಿಲ್ಲ. ಇದು ನ್ಯಾಯದ ಪ್ರಶ್ನೆ ಎನ್ನುತ್ತಾರೆ. ನಾನು ಹೊಟ್ಟೆಕಿಚ್ಚು ಎಂದೇ ಬರೆಯುತ್ತೇನೆ, ಓದಿದರೆ ಓದಲಿ.

ನಿಜ ಹೇಳಬೇಕೆಂದರೆ ಅವರ ಕಣ್ಣು ಹಾಳಾದದ್ದೂ ಆ ಹೊಟ್ಟೆಕಿಚ್ಚಿನಿಂದಲೇ. ಎಂಬತ್ತನೇ ಇಸವಿಯ ಸಂಕ್ರಾಂತಿ ಕಳೆದ ಮೇಲೆ ತುಮಕೂರಿನಲ್ಲಿ ಪೊರೆ ತೆಗೆಸಿಕೊಂಡರು. ಡಾಕ್ಟರು ಒಳ್ಳೆಯವರು, ಬಿಡಿಸಿ ಹೇಳಿದ್ದರು. ಕರಿಗುಡ್ಡೆಯ ಮೇಲಂಚಿನಲ್ಲಿ ಹೊಲಿಗೆ ಹಾಕಿದ್ದೇನೆ, ಹೊಲಿಗೆ ಬಿಗಿಯಾಗಿರುವವರೆಗೆ ದುಂಡಗಿನ ಗುಡ್ಡೆ ಒಂದು ಕಡೆಗೆ ಎಳೆದುಕೊಂಡಿರುತ್ತದೆ. ತಿಂಗಳು ಕಳೆದ ಹಾಗೆ ಅದು ಸಡಿಲವಾಗುತ್ತದೆ, ನಂಬರು ಬದಲಾಗುತ್ತದೆ, ಒಂದೆರಡು ವರ್ಷದವರೆಗೂ ಬದಲಾಗುತ್ತಲೇ ಇರಬಹುದು. ಮೂರು ತಿಂಗಳು ಕಾಯಿರಿ, ಆಮೇಲೆ ಕನ್ನಡಕ ಮಾಡಿಸಿ, ವರ್ಷಕ್ಕೊಂದು ಸಲ ಬಂದು ತೋರಿಸಿ.

ಯುಗಾದಿ ಎರಡು ತಿಂಗಳೂ ದೂರವಿರಲಿಲ್ಲ. ಅಲ್ಲಿ ಪಟ್ಟಾಭಿ ಪೀಠದ ಮೇಲೆ ಕಾಲು ಮಡಚಿ ಕೂತಿರುವ ಚಿತ್ರ ಕಣ್ಣಿನ ಪಟ್ಟಿಯ ಒಳಗೂ ಕಾಣುತ್ತಿತ್ತು. ಆರನೇ ವಾರಕ್ಕೇ ಹೋಗಿ ಹಠ ಹಿಡಿದು ನಂಬರು ಬರೆಸಿಕೊಂಡರು. ಎಳೆದುಕೊಂಡ ಗುಡ್ಡೆಗೆ ಸರಿಹೋಗುವ ಹಾಗೆ ಗಾಜಿನಲ್ಲಿ ಒಂದು ಅಡ್ಡ ನಂಬರು ಬೇರೆ ಸೇರಿಸಬೇಕಾಯಿತು. ದಪ್ಪ ಗಾಜು, ದಪ್ಪ ಕಪ್ಪು ಫ್ರೇಮು. ಹಾಕಿಕೊಂಡಾಗ ಲೋಕವೆಲ್ಲ ತೊಳೆದಿಟ್ಟ ಹಾಗೆ ಕಂಡಿತು. ಇಂಥ ಗಾಜು ತುಮಕೂರು ಜಿಲ್ಲೆಯಲ್ಲೇ ಇನ್ನೊಬ್ಬರಿಗಿಲ್ಲ ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು, ಯುಗಾದಿಯ ದಿನ ಜರಿಶಲ್ಯ ಹೊದ್ದು ಜಗಲಿಯ ಮೇಲೆ ಕಾದು ಕೂತರು. ಯಾರೂ ಕರೆಯಲು ಬರಲಿಲ್ಲ. ಹಸಿ ಕಣ್ಣು, ತೊಂದರೆ ಕೊಡುವುದು ಬೇಡ ಎಂದು ಮಂದಿರದ ಕಮಿಟಿಯವರು ಪಟ್ಟಾಭಿಗೇ ಹೇಳಿದ್ದರು.

ಮುಂದೆ ಡಾಕ್ಟರು ಹೇಳಿದ ಹಾಗೆಯೇ ಆಯಿತು. ಹೊಲಿಗೆ ಸಡಿಲವಾಗುತ್ತ ಬಂತು, ಗುಡ್ಡೆ ದುಂಡಗಾಗುತ್ತ ಬಂತು, ಗಾಜು ಮಾತ್ರ ಹಾಗೇ ಉಳಿಯಿತು. ಒಂದೊಂದು ಅಕ್ಷರದ ಬೆನ್ನಿಗೂ ಅದರ ನೆರಳು ಬಂದು ಕೂತಿತು. ಹೋಗಿ ನಂಬರು ಬದಲಾಯಿಸಿಕೊಂಡು ಬರಬಹುದಿತ್ತು. ಆದರೆ ಜಿಲ್ಲೆಯಲ್ಲೇ ಇಲ್ಲದ ಗಾಜು ಎಂದವರು ಯಾವ ಮುಖ ಹೊತ್ತು ಹೋಗುತ್ತಾರೆ? ಷಡ್ಡಕ ನಗುವುದಿಲ್ಲವೇ?

ಇಷ್ಟರ ಮೇಲೆ ಷಡ್ಡಕನಿಗೂ ಪೊರೆ ಬಂತು. ಅದೂ ಬಲಗಣ್ಣಿಗೇ. ಈ ಎಂಬತ್ತೆರಡರ ಜನವರಿಯಲ್ಲಿ ಕುಣಿಗಲ್ಲಿನಲ್ಲಿ ಕಣ್ಣಿನ ಕ್ಯಾಂಪು ನಡೆದಾಗ ಪಟ್ಟಾಭಿ ತನ್ನ ಹಳೇ ಇಲಾಖೆಯವರ ಗುರುತಿನಿಂದ ಮೊದಲನೇ ದಿನವೇ ಮಲಗಿ ಪೊರೆ ತೆಗೆಸಿಕೊಂಡು ಬಂದ. ಬಿಟ್ಟಿ ಆಪರೇಷನ್, ಬಿಟ್ಟಿ ಊಟ, ಬಿಟ್ಟಿ ಕನ್ನಡಕ. ಆ ಕನ್ನಡಕವನ್ನು ನೋಡಿದ ದಿನ ಯೋಗನರಸಿಂಹಯ್ಯನವರಿಗೆ ರಾತ್ರಿ ಊಟ ಸೇರಲಿಲ್ಲ. ಅದೇ ಕಪ್ಪು ಫ್ರೇಮು, ಅದೇ ದಪ್ಪ ಗಾಜು. ಎರಡನ್ನೂ ಪಕ್ಕದಲ್ಲಿಟ್ಟರೆ ಅವಳಿ ಜವಳಿ. ತಾವು ಕೈಯಿಂದ ದುಡ್ಡು ಕೊಟ್ಟು ಮಾಡಿಸಿದ್ದನ್ನೇ ಅವನಿಗೆ ಪುಗಸಟ್ಟೆ ಹಂಚಿದ್ದಾರೆ. ಅದನ್ನು ಹಾಕಿಕೊಂಡು ಅವನು ನೆಟ್ಟಗೆ ಓಡಾಡುತ್ತಾನೆ, ಪೇಪರನ್ನು ಮುಖಕ್ಕೆ ಹಿಡಿದು ಕೂರುತ್ತಾನೆ. ತಮಗೆ ನೆರಳು, ಅವನಿಗೆ ಅಕ್ಷರ!

ಸರಿ, ಯುಗಾದಿಯ ದಿನಕ್ಕೆ ಬರೋಣ. ಎರಡು ಮನೆಯವರೂ ಹಬ್ಬದೂಟ ಒಟ್ಟಿಗೇ ಮಾಡುವುದು ಅಕ್ಕತಂಗಿಯರು ಮಾಡಿಕೊಂಡ ಪದ್ಧತಿ. ಈ ಸಲ ಯೋಗನರಸಿಂಹಯ್ಯನವರ ಮನೆಯಲ್ಲಿ. ಬಾಳೆಲೆ ತರಲು ಹೊರಟವರು ಷಡ್ಡಕನ ಮನೆ ಮುಂದೆ ಹಾದುಹೋಗಬೇಕಾಯಿತು. ಪಟ್ಟಾಭಿ ಜಗಲಿಯ ಮೇಲೆ ಕೂತು, ಹೊಸ ಪಂಚಾಂಗ ತೆರೆದು, ದುಂದುಭಿ ಸಂವತ್ಸರದ ಫಲವನ್ನು ಗಂಟಲು ತುಂಬ ಓದುತ್ತಿದ್ದ. ಎಲ್ಲೂ ನಿಲ್ಲಲಿಲ್ಲ, ತೊದಲಲಿಲ್ಲ. ಬಾಗಿಲ ಮರೆಯಲ್ಲಿ ತುಳಸಮ್ಮನ ಸೀರೆಯ ಅಂಚು ಕಾಣುತ್ತಿತ್ತು, ಆಕೆ ಒಳಗೆ ಏನೋ ಗುನುಗುತ್ತಿದ್ದರು. ಹೆಂಡತಿಯನ್ನು ನಿಲ್ಲಿಸಿಕೊಂಡು ಪ್ರಾಕ್ಟೀಸ್ ಮಾಡುತ್ತಿದ್ದಾನೆ ಎಂದುಕೊಂಡರು ಯೋಗನರಸಿಂಹಯ್ಯ. 

"ಏನು ಪಟ್ಟಾಭಿ, ಬೆಳಿಗ್ಗೇನೇ ಶುರು ಮಾಡಿಬಿಟ್ಟೆ?"

ಪಟ್ಟಾಭಿ ಗಾಬರಿಯಾಗಿ ಪಂಚಾಂಗ ಮಡಚಿದ. "ಏನಿಲ್ಲ ಭಾವ, ಸುಮ್ನೆ. ನೀವು ಮಧ್ಯಾಹ್ನ ಸಿಗ್ತೀರಲ್ಲ, ಒಂದು ಮಾತಾಡೋದಿತ್ತು. ಇಲ್ಲ, ಸಂಜೇನೇ ಹೇಳ್ತೀನಿ ಬಿಡಿ."

ಎಲೆಯಂಗಡಿಯ ಹತ್ತಿರ ವೆಂಕಟರಂಗಯ್ಯ ಸಿಕ್ಕಿದರು. ತೆಂಗಿನ ತೋಟದವರು, ರಾಮಮಂದಿರದ ಕಮಿಟಿಗೆ ಅಧ್ಯಕ್ಷರು. ಸೈಕಲ್ ನಿಲ್ಲಿಸಿ, ಯೋಗನರಸಿಂಹಯ್ಯನವರ ಮುಖವನ್ನು ಕುರಿ ವ್ಯಾಪಾರದವರ ಹಾಗೆ ಬಗ್ಗಿ ಬಗ್ಗಿ ನೋಡಿದರು.

"ಸ್ವಾಮಿ, ಈಗ ಕಣ್ಣು ಹೆಂಗವೆ?"

"ಹದ್ದಿನ ಕಣ್ಣು" ಎಂದರು ಯೋಗನರಸಿಂಹಯ್ಯ, ಎಲೆಯಂಗಡಿಯ ಕಂಬಕ್ಕೆ ಒರಗಬೇಕೆಂದು ಹೋಗಿ ಪಕ್ಕದ ಗಾಳಿಗೆ ಒರಗುತ್ತ. ವೆಂಕಟರಂಗಯ್ಯ ಹಿಡಿದುಕೊಂಡರು.

"ಹಂಗಾರೆ ಸರಿ ಬುಡಿ. ಸಾಯಂಕಾಲ ಬೇಗ ಬಂದ್ಬುಡಿ, ಮುಂದ್ಗಡೇನೇ ಕೂತ್ಕಳಿ" ಎಂದು ಹೇಳಿ ಸೈಕಲ್ ಹತ್ತಿದರು.

ಮುಂದೆ ಕೂತು ಷಡ್ಡಕನ ವೈಭವವನ್ನು ಕಣ್ತುಂಬ ನೋಡಲಿ ಎಂದು ಕರೆಯುತ್ತಿದ್ದಾರೆ. ಯೋಗನರಸಿಂಹಯ್ಯನವರಿಗೆ ಹೀಗಲ್ಲದೆ ಬೇರೆ ಅರ್ಥ ಹೊಳೆಯಲಿಲ್ಲ. ಇಪ್ಪತ್ತು ವರ್ಷ ಪೀಠದ ಮೇಲೆ ಕೂತವನನ್ನು ಚಾಪೆಯ ಮೇಲೆ ಕೂರಿಸುವ ಸಂಚು. ದುಃಖದಲ್ಲಿ ನಾಲ್ಕು ಎಲೆ ತರುವ ಬದಲು ಹತ್ತು ಎಲೆ ತಂದರು.

ಊಟದ ಹೊತ್ತಿಗೆ ಆ ದುಃಖ ಹದವಾಗಿ ಕುದಿಯುತ್ತಿತ್ತು. ಪಟ್ಟಾಭಿ ಬಂದವನೇ ಬಾಗಿಲಲ್ಲಿ ನಿಂತು, "ಭಾವ, ತೋರಣ ಒಂಚೂರು ಓರೆ ಅಲ್ವೇ?" ಎಂದ. ಕೌಸಲ್ಯ ಅವನ ಎಲೆಗೆ ಎರಡು ಹೋಳಿಗೆ ಜಾಸ್ತಿ ಬಡಿಸಿದರು. ಸಕ್ಕರೆ ಕಾಯಿಲೆಯೆಂದು ಗಂಡನ ಎಲೆಗೆ ಅರ್ಧ ಹೋಳಿಗೆ. ಪಟ್ಟಾಭಿ ಇಡೀ ಊಟದಲ್ಲಿ ಪಂಚಾಂಗದ ಮಾತೇ ಎತ್ತಲಿಲ್ಲ. ಯಾಕೋ ಸಪ್ಪಗಿದ್ದ. ಜಂಭ ಹೆಚ್ಚಾದವರು ಹೀಗೆಯೇ ಮಾತು ಕಡಿಮೆ ಮಾಡುತ್ತಾರೆ ಎಂದುಕೊಂಡು ಯೋಗನರಸಿಂಹಯ್ಯ ಕೋಸಂಬರಿ ಜಗಿದರು.

ಊಟವಾದ ಮೇಲೆ ಹೆಂಗಸರು ಹಿತ್ತಿಲ ಕಡೆ ಎಲೆ ಅಡಿಕೆ ಹಾಕಿಕೊಂಡು ಕೂತರು. ಗಂಡಸರಿಬ್ಬರೂ ನಡುಮನೆಯಲ್ಲಿ ಚಾಪೆ ಹಾಸಿ, ಕನ್ನಡಕ ಬಿಚ್ಚಿ ತಲೆಯ ಹತ್ತಿರ ಇಟ್ಟುಕೊಂಡು ಅಡ್ಡಾದರು. ಐದು ನಿಮಿಷದಲ್ಲಿ ಪಟ್ಟಾಭಿಯ ಗೊರಕೆ ಶುರುವಾಯಿತು. ಯೋಗನರಸಿಂಹಯ್ಯನವರಿಗೆ ನಿದ್ದೆ ಎಲ್ಲಿಂದ ಬರಬೇಕು? ಕೈಯಳತೆಯಲ್ಲಿ ಶತ್ರುವಿನ ಆಯುಧ ಬಿದ್ದಿದೆ.

ಸುಮ್ಮನೆ ಒಂದು ಸಲ ಹಾಕಿ ನೋಡೋಣ ಎಂದಷ್ಟೇ ಅವರ ಮನಸ್ಸಿನಲ್ಲಿದ್ದದ್ದು. ಇದನ್ನು ನಾನು ನಂಬುತ್ತೇನೆ. ಕೈ ಚಾಚಿ ಷಡ್ಡಕನ ಕನ್ನಡಕ ತೆಗೆದು ಕಿವಿಗೆ ಸಿಕ್ಕಿಸಿಕೊಂಡರು. ಬೀರುವಿನಲ್ಲಿ ಪಂಚೆಗಳ ಅಡಿಯಲ್ಲಿ ಬಚ್ಚಿಟ್ಟಿದ್ದ ಹೊಸ ಪಂಚಾಂಗವನ್ನು ತೆಗೆದರು. ಅದನ್ನು ಅವರು ಪ್ರತಿ ವರ್ಷವೂ ಕೊಳ್ಳುತ್ತಿದ್ದರು, ಹೇಳಿಕೊಳ್ಳುತ್ತಿರಲಿಲ್ಲ. ಓದಲೆಂದು ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿದರು.

ಅಕ್ಷರಗಳು ಒಂದೊಂದಾಗಿ, ತಮ್ಮ ತಮ್ಮ ಜಾಗದಲ್ಲಿ, ನೆರಳಿಲ್ಲದೆ ನಿಂತಿದ್ದವು. ತಿಥಿ, ನಕ್ಷತ್ರ, ಯೋಗ, ಕರಣ, ಘಳಿಗೆ, ವಿಘಳಿಗೆ. ಎಲ್ಲಕ್ಕಿಂತ ಸಣ್ಣ ಅಕ್ಷರದ ಅಡಿಟಿಪ್ಪಣಿ ಕೂಡ. ಎರಡು ವರ್ಷದಿಂದ ಕಾಣದ ಒತ್ತಕ್ಷರಗಳ ಬಾಲಗಳನ್ನು ಯೋಗನರಸಿಂಹಯ್ಯ ಬೆರಳಿನಿಂದ ಒಂದೊಂದಾಗಿ ಮುಟ್ಟಿ ನೋಡಿದರು. ತಲೆಯೆತ್ತಿ ಮುಂಬಾಗಿಲಿನ ಕಡೆ ನೋಡಿದರು. ತೋರಣ ಓರೆಯೇ ಇತ್ತು.

ಆಗ ಸಂತೋಷದ ಬೆನ್ನಿಗೇ ಸಿಟ್ಟು ಬಂತು. ಕ್ಯಾಂಪಿನವರು ಯಾವುದೋ ಪರದೇಶದ ಗಾಜನ್ನು ತಂದು ಇವನಿಗೆ ಕೊಟ್ಟಿದ್ದಾರೆ. ಇಲ್ಲದಿದ್ದರೆ ಆಪರೇಷನ್ ಆಗಿ ಮೂರು ತಿಂಗಳೂ ತುಂಬದವನು ಹೀಗೆ ಓದುವುದುಂಟೇ? ಮೂರು ಯುಗಾದಿ ಅವನು ಮೆರೆದದ್ದಾಯಿತು. ಇವತ್ತು ನನ್ನ ಗಾಜು ಹಾಕಿಕೊಂಡು ಪೀಠ ಹತ್ತಲಿ. ಮೊದಲನೇ ಸಾಲಿಗೇ ತಡವರಿಸುತ್ತಾನೆ. ಮೇಷಕ್ಕೆ ಮೀನದ್ದು ಓದುತ್ತಾನೆ. ಜನ ಗೊಳ್ಳೆನ್ನುತ್ತಾರೆ. ಮುಂದ್ಗಡೆಯೇ ಕೂತಿರುತ್ತೇನೆ, ಎದ್ದು ಹೋಗಿ ಪಂಚಾಂಗ ತೆಗೆದುಕೊಂಡು ಓದಿಬಿಡುತ್ತೇನೆ. ಒಂದು ಸಂಜೆಯ ಮಾತು, ನಾಳೆ ಬೆಳಿಗ್ಗೆ ಬದಲಾಯಿಸಿದರಾಯಿತು.

ತಮ್ಮ ಕನ್ನಡಕವನ್ನು ಕೈಗೆ ತೆಗೆದುಕೊಂಡು ಪಟ್ಟಾಭಿಯ ತಲೆದಿಂಬಿನ ಹತ್ತಿರ ಇಡಬೇಕು ಅನ್ನುವಾಗ ಬಾಗಿಲಲ್ಲಿ ಅಲಮೇಲಮ್ಮ ನಿಂತಿದ್ದರು. ಪಾಯಸದ ಪಾತ್ರೆ ವಾಪಸು ಕೊಡಲು ಬಂದಿದ್ದರಂತೆ. ಮೂಗಿನ ಮೇಲೊಂದು ಕನ್ನಡಕ, ಕೈಯಲ್ಲೊಂದು ಕನ್ನಡಕ. ಯೋಗನರಸಿಂಹಯ್ಯನವರಿಗೆ ಹಿಂದೆಮುಂದೆ ನೋಡಲು ಸಮಯವಿರಲಿಲ್ಲ. ಮಂಚದ ಮೇಲೆ ತುಳಸಮ್ಮನಿಗೆ ಕೊಟ್ಟು ಕಳಿಸಲೆಂದು ಕೌಸಲ್ಯ ಇಟ್ಟಿದ್ದ ಹೂರಣದ ಡಬ್ಬಿ ಕಂಡಿತು. ಮುಚ್ಚಳ ಎತ್ತಿ ಕೈಯಲ್ಲಿದ್ದ ಕನ್ನಡಕ ಒಳಗೆ ಹಾಕಿ ಮುಚ್ಚಿ, ಅದರ ಮೇಲೆ ಕೈಯಿಟ್ಟುಕೊಂಡು ಕೂತರು.

"ಏನು ಪಂಚಾಂಗ ನೋಡ್ತಿದೀರಾ? ಹಾಗಾದ್ರೆ ನನ್ನ ಕಟಕ ರಾಶಿ ಒಂದು ನೋಡಿಬಿಡಿ, ಸಂಜೆ ಗದ್ದಲದಲ್ಲಿ ನನಗೆ ಕಿವಿ ಕೇಳಲ್ಲ" ಎಂದು ಅಲಮೇಲಮ್ಮ ಎದುರಿಗೇ ಚಕ್ಕಳ ಮಕ್ಕಳ ಹಾಕಿದರು. ಅವರ ಧ್ವನಿಗೆ ಪಟ್ಟಾಭಿ ಎಚ್ಚರವಾದ. ಎದ್ದು ಕೂತು ದಿಂಬಿನ ಪಕ್ಕ ತಡಕಿದ. ಈ ಕಡೆ ತಡಕಿದ, ಆ ಕಡೆ ತಡಕಿದ, ಅಲಮೇಲಮ್ಮನ ಪಾದವನ್ನು ಹಿಡಿದು ಎತ್ತಿದ.

"ಭಾವ, ನನ್ನ ಕನ್ನಡಕ ಎಲ್ಲಿ?"

ಪೊರೆ ತೆಗೆಸಿದವರ ಕಷ್ಟ ಇದು. ಕಳೆದ ಕನ್ನಡಕವನ್ನು ಹುಡುಕುವುದಕ್ಕೆ ಅದೇ ಕನ್ನಡಕ ಬೇಕು. ಮೂಗಿನ ಮೇಲೆ ಹಾಕಿಕೊಂಡು ಎದುರಿಗೇ ಕೂತಿದ್ದರೂ ಯೋಗನರಸಿಂಹಯ್ಯ ಪಟ್ಟಾಭಿಗೆ ಬರೀ ಒಂದು ಬಿಳಿ ಮೋಡ. ಅಲಮೇಲಮ್ಮ ಹುಡುಕಾಟದ ಯಜಮಾನಿಕೆ ವಹಿಸಿಕೊಂಡರು. ಚಾಪೆ ಕೊಡವಿಸಿದರು, ದಿಂಬಿನ ಗವಸು ಬಿಚ್ಚಿಸಿದರು, ಹೆಂಗಸರನ್ನು ಹಿತ್ತಿಲಿನಿಂದ ಕರೆಸಿದರು, ಇಲಿ ಎಳೆದುಕೊಂಡು ಹೋಗಿರಬಹುದು ಎಂದು ಬೀರುವಿನ ಕೆಳಗೆ ಪೊರಕೆ ಆಡಿಸಿದರು. ಈ ಗಲಾಟೆಯಲ್ಲಿ ತುಳಸಮ್ಮ, ಹಾಲಿನವನು ಬರುವ ಹೊತ್ತಾಯಿತು, ಈ ಡಬ್ಬಿ ಮನೆಗಿಟ್ಟು ಬರುತ್ತೇನೆ ಎಂದು ಹೂರಣದ ಡಬ್ಬಿ ಎತ್ತಿಕೊಂಡರು.

ಯೋಗನರಸಿಂಹಯ್ಯ ಎದ್ದು ನಾದಿನಿಯ ಕೈಯಿಂದ ಡಬ್ಬಿ ಕಿತ್ತುಕೊಂಡರು. ಎಲ್ಲರೂ ಅವರನ್ನೇ ನೋಡಿದರು.

"ನನಗೆ ಇನ್ನೊಂದು ಸ್ವಲ್ಪ ಹೂರಣ ಬೇಕು" ಎಂದರು.

ಕೌಸಲ್ಯರ ಮುಖ ಇಷ್ಟು ಚಿಕ್ಕದಾಯಿತು. ತಂಗಿಯ ಎದುರಿಗೆ, ಎದುರುಮನೆಯವರ ಎದುರಿಗೆ, ಅರವತ್ತೆರಡು ವರ್ಷದ ಗಂಡ ಹೂರಣಕ್ಕೆ ಕಿತ್ತಾಡುವುದೆಂದರೆ! ಸಕ್ಕರೆ ಕಾಯಿಲೆ ಕಣ್ರೀ ನಿಮಗೆ ಎಂದು ಆಕೆ ಹೇಳುತ್ತಿದ್ದಂತೆಯೇ ಯೋಗನರಸಿಂಹಯ್ಯ ಡಬ್ಬಿಯೊಂದಿಗೆ ಬಚ್ಚಲುಮನೆ ಸೇರಿ ಅಗಣಿ ಹಾಕಿಕೊಂಡರು. ಹೂರಣ ತಿನ್ನುವುದಕ್ಕೆ ಬಚ್ಚಲುಮನೆ ಯಾಕೆ ಎಂದು ಅಲಮೇಲಮ್ಮ ಕೇಳಿದ್ದು ಒಳಗೂ ಕೇಳಿಸಿತು. ಕನ್ನಡಕ ಆಳಕ್ಕೆ ಇಳಿದಿತ್ತು. ಅಗೆದು ತೆಗೆದು, ಹಂಡೆಯ ನೀರಿನಲ್ಲಿ ತೊಳೆದು, ಪಂಚೆಯ ತುದಿಯಲ್ಲಿ ಒರೆಸಿದರು. ಕೈಗಂಟಿದ ಹೂರಣವನ್ನು ತಿಂದು ಸುಳ್ಳನ್ನು ಅಷ್ಟರಮಟ್ಟಿಗೆ ನಿಜ ಮಾಡಿದರು. ಹೊರಗೆ ಬಂದು ಚಾಪೆಯ ಮೇಲೆ ಬಗ್ಗಿದ ಹಾಗೆ ಮಾಡಿ, "ಇಲ್ಲೇ ಇದೆಯಲ್ಲೋ, ನಿನ್ನ ಶಲ್ಯದ ಮಡಿಕೇಲಿ" ಎಂದು ಪಟ್ಟಾಭಿಯ ಕೈಗೆ ಕೊಟ್ಟರು.

ಪಟ್ಟಾಭಿ ಹಾಕಿಕೊಂಡ. ಕಣ್ಣು ಮಿಟುಕಿಸಿದ. ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡ.

"ಯಾಕೋ ಏಲಕ್ಕಿ ವಾಸನೆ ಬರ್ತಿದೆ" ಎಂದ.

ಹಬ್ಬದ ದಿನ ಎಲ್ಲಾ ಕಡೆಯೂ ಬರುತ್ತೆ ಎಂದರು ಯೋಗನರಸಿಂಹಯ್ಯ. ಪಟ್ಟಾಭಿ ಕೈಯೆತ್ತಿ ಕಣ್ಣ ಮುಂದೆ ಹಿಡಿದ. ತನ್ನ ಅಂಗೈಯನ್ನು ನೋಡಿಕೊಂಡ. ಗೋಡೆಯ ಕ್ಯಾಲೆಂಡರನ್ನು ನೋಡಿದ. ಬೆವರು ಒರೆಸಿಕೊಂಡು ಎದ್ದು ಹೊರಟುಬಿಟ್ಟ. ಹೊಸಿಲ ಮೇಲೆ ಒಂದು ಗಳಿಗೆ ನಿಂತು, ಓರೆ ತೋರಣವನ್ನು ಎವೆಯಿಕ್ಕದೆ ದಿಟ್ಟಿಸಿದ. ಆಮೇಲೆ ಒಂದೊಂದೇ ಹೆಜ್ಜೆ ನೋಡಿ ನೋಡಿ ಇಡುತ್ತ ಬೀದಿಗೆ ಇಳಿದ.

ನೆಲವೇ ಕಾಣುತ್ತಿಲ್ಲ ಅವನಿಗೆ ಎಂದು ಯೋಗನರಸಿಂಹಯ್ಯನವರ ಹೊಟ್ಟೆ ತಣ್ಣಗಾಯಿತು. ಎರಡು ವರ್ಷದಿಂದ ನಾನು ಪಟ್ಟದ್ದು ಒಂದು ಸಂಜೆ ಪಡಲಿ. ಜರಿಶಲ್ಯ ತೆಗೆದು ಇಸ್ತ್ರಿ ಮಾಡಿಸಲು ಕೌಸಲ್ಯರಿಗೆ ಕೊಟ್ಟರು.

ಸಂಜೆ ಆರು ಗಂಟೆಗೆ ರಾಮಮಂದಿರ ತುಂಬಿತ್ತು. ಯೋಗನರಸಿಂಹಯ್ಯ ಮುಂದಿನ ಸಾಲಿನ ಮಧ್ಯದಲ್ಲಿ ಕೂತರು. ಎಲ್ಲವೂ ಕಾಣುತ್ತಿತ್ತು. ರಾಮದೇವರ ಪಟದ ಕಟ್ಟಿನಲ್ಲಿ ಬಿಟ್ಟಿದ್ದ ಬಿರುಕು, ವೆಂಕಟರಂಗಯ್ಯನವರ ಕಿವಿಯ ಕೂದಲು, ಅಲಮೇಲಮ್ಮನ ಸೀರೆಯ ಮೇಲಿನ ಪಾಯಸದ ಕಲೆ. ಪಟ್ಟಾಭಿ ಬಂದು ಪೀಠದ ಮೇಲೆ ಕೂತ. ಪಂಚಾಂಗ ತೆರೆದ, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿದ. ಯೋಗನರಸಿಂಹಯ್ಯ ಎದ್ದು ನಿಲ್ಲಲು ಅನುಕೂಲವಾಗಲಿ ಎಂದು ಒಂದು ಕಾಲು ಮಡಚಿಕೊಂಡರು.

ಪಟ್ಟಾಭಿ ಓದಿದ. ಮೊದಲನೇ ಸಾಲು ಓದಿದ, ಎರಡನೇ ಸಾಲು ಓದಿದ. ರಾಜ, ಮಂತ್ರಿ, ಸೇನಾಧಿಪತಿ, ಸಸ್ಯಾಧಿಪತಿ, ಒಬ್ಬರನ್ನೂ ಬಿಡಲಿಲ್ಲ. ಆಯ ವ್ಯಯದ ಪಟ್ಟಿಗೆ ಬಂದಾಗಲಾದರೂ ಎಡವುತ್ತಾನೆ ಎಂದು ಕಾದರು. ಮೇಷದಿಂದ ಮೀನದವರೆಗೆ ಹನ್ನೆರಡು ರಾಶಿಯನ್ನೂ ಹೊಳೆ ಹರಿದ ಹಾಗೆ ಓದಿ ಮುಗಿಸಿದ. ಯಾರೋ ಅಡಿಟಿಪ್ಪಣಿಯಲ್ಲಿ ಗ್ರಹಣದ ಮಾತಿದೆಯೇ ಎಂದು ಕೇಳಿದರು, ಅದನ್ನೂ ಓದಿದ. ಮೂರು ಯುಗಾದಿಯಲ್ಲಿ ಅವನು ಇಷ್ಟು ಚೆನ್ನಾಗಿ ಎಂದೂ ಓದಿರಲಿಲ್ಲ. ಯೋಗನರಸಿಂಹಯ್ಯನವರ ಮಡಚಿದ ಕಾಲು ಜೋಮು ಹಿಡಿಯಿತು.

ಮಂಗಳಾರತಿ ಆದ ಮೇಲೆ ವೆಂಕಟರಂಗಯ್ಯ ಎದ್ದು ನಿಂತು, ವರ್ಷ ವರ್ಷವೂ ಯಾರು ಓದುವುದು ಎಂಬ ಗೊಂದಲ ಬೇಡವೆಂದು ಕಮಿಟಿಯವರು ಒಂದು ಠರಾವು ಮಾಡಿದ್ದಾರೆ, ಬದುಕಿರುವವರೆಗೂ ಒಬ್ಬರೇ ಓದುವುದೆಂದು ಗೊತ್ತುಮಾಡಿದ್ದಾರೆ ಎಂದರು. ಕಾಗದವೊಂದನ್ನು ತಂದು ಯೋಗನರಸಿಂಹಯ್ಯನವರ ಕೈಗೆ ಕೊಟ್ಟರು.

"ಹಿರೀಕರು ನೀವು, ರಿಜಿಸ್ಟ್ರಾರ್ ಆಫೀಸ್ನಾಗೆ ಪಳಗ್ದೋರು. ನೀವೇ ಓದ್ಬುಡಿ ಸ್ವಾಮಿ."

ಕಾಗದ ಬಿಡಿಸಿದರು. ಚೆನ್ನಾದ ಕೈಬರಹ. ಶ್ರೀಯುತ ಎಂಬುದರ ಮುಂದೆ ಒಂದು ಹೆಸರನ್ನು ಹೊಡೆದುಹಾಕಿ, ಅದರ ಮೇಲೆ ಪಟ್ಟಾಭಿರಾಮ್ ಎಂದು ಬರೆದು, ಪಕ್ಕದಲ್ಲಿ ಅಧ್ಯಕ್ಷರು ಚಿಕ್ಕ ರುಜು ಹಾಕಿದ್ದರು. ಹೊಡೆದುಹಾಕಿದ ಗೆರೆ ಒಂದೇ ಒಂದು. ತಮ್ಮ ಹಳೇ ಕನ್ನಡಕದಲ್ಲಾಗಿದ್ದರೆ ಅದು ಬರೀ ಮಸಿಯ ಕಲೆಯಾಗಿ ಕಾಣುತ್ತಿತ್ತು. ಈ ಗಾಜಿನಲ್ಲಿ ಗೆರೆಯ ಕೆಳಗಿನ ಒಂದೊಂದು ಅಕ್ಷರವೂ, ಒತ್ತಕ್ಷರವೂ ಬಿಡಿಬಿಡಿಯಾಗಿ ಕಂಡಿತು. ಯೋಗನರಸಿಂಹಯ್ಯ.

"ಇದು ಯಾವಾಗ ಹೊಡೆದದ್ದು?" ಎಂದು ಪಿಸುಗುಟ್ಟಿದರು.

ವೆಂಕಟರಂಗಯ್ಯ ಬಗ್ಗಿ ಕಿವಿಯಲ್ಲಿ ಹೇಳಿದರು. "ಬೇಜಾರ್ ಮಾಡ್ಕಬ್ಯಾಡಿ ಸ್ವಾಮಿ. ಎಂಟು ದಿನದ ಹಿಂದೆ ಪಟ್ಟಾಭಿರಾಮಯ್ನೋರು ಮನೇಗ್ ಬಂದು ಕಣ್ಣೀರ್ ಹಾಕ್ಬುಟ್ರು. ಕ್ಯಾಂಪಿನ ಗಾಜಲ್ಲಿ ಓಡಾಡಾಕಷ್ಟೆ ಆಗೋದು, ಒಂದಕ್ಷರಾನೂ ಕಾಣಾಕಿಲ್ಲ, ಹೆಂಡ್ರು ಹೇಳ್ಕೊಟ್ಟಿದ್ದ ಬಾಯಿಪಾಠ ಮಾಡ್ತಾ ಇವ್ನಿ, ನನ್ ಕೈಲಾಗಲ್ಲ, ನಮ್ ಭಾವ್ನೋರ್ಗೇ ಖಾಯಂ ಮಾಡಿ ಅಂತ. ನಿಮ್ ಕಣ್ಣು ಹೆಂಗೋ ಏನೋ, ಹಬ್ಬದ ದಿನದವರ್ಗೂ ಬಾಯಿಪಾಠ ಬುಡ್ಬ್ಯಾಡಿ ಅಂದಿದ್ವಿ. ಸಂಜೆ ಎಲ್ಲಾರ ಮುಂದೆ ಹೇಳಿ ನಿಮ್ಮನ್ನ ಕೂರ್ಸಾನ ಅಂತಿದ್ವಿ. ಐದು ಗಂಟೇಲಿ ಓಡ್ ಬಂದ್ರು. ರಾಮದೇವ್ರು ಕಣ್ಣು ಕೊಟ್ಟವ್ನೆ, ಎಲ್ಲಾ ಕಾಣ್ತೈತೆ, ನಾನೇ ಓದ್ತೀನಿ ಅಂತ ನಮ್ಮುಂದೆ ಓದಿ ತೋರ್ಸುದ್ರು. ಏನ್ ಮಾಡಾದು?"

ಯೋಗನರಸಿಂಹಯ್ಯನವರಿಗೆ ಈಗ ಎಲ್ಲ ತಿಳಿಯಿತು. ತುಮಕೂರಿನ ಡಾಕ್ಟರು ಬಿಡಿಸಿ ಹೇಳಿದ್ದು ಎರಡು ವರ್ಷದ ಮೇಲೆ ತಲೆಗೆ ಇಳಿಯಿತು. ಕ್ಯಾಂಪಿನವರು ಎಲ್ಲರಿಗೂ ಹಂಚಿದ್ದು ಅಡ್ಡ ನಂಬರಿಲ್ಲದ ಬರೀ ದಪ್ಪ ಗಾಜು. ಪಟ್ಟಾಭಿಯದು ಹಸಿ ಹೊಲಿಗೆ, ಗುಡ್ಡೆ ಎಳೆದುಕೊಂಡಿದೆ, ಆ ಗಾಜು ಅವನಿಗೆ ಸಾಲದು. ಅವನಿಗೆ ಬೇಕಾದದ್ದು ಎಳೆದುಕೊಂಡ ಗುಡ್ಡೆಗೆಂದು ಅಳತೆ ಕೊಟ್ಟು ಮಾಡಿಸಿದ ಕನ್ನಡಕ. ಅಂಥದ್ದು ಜಿಲ್ಲೆಯಲ್ಲೇ ಒಂದಿತ್ತು. ಅದನ್ನು ಹೂರಣದಿಂದ ಅಗೆದು, ತೊಳೆದು, ಒರೆಸಿ, ಕೈಯಾರೆ ಅವನ ಕೈಗೆ ಕೊಟ್ಟಿದ್ದರು.

ಒಂದು ಆಸೆ ಮಿಂಚಿತು. ಅವನ ಹೊಲಿಗೆಯೂ ಸಡಿಲವಾಗುತ್ತದೆ. ಮುಂದಿನ ಯುಗಾದಿಗೆ ಅವನಿಗೂ ನೆರಳು ಬರುತ್ತದೆ. ಅಷ್ಟರಲ್ಲಿ ಪಟ್ಟಾಭಿ ಪೀಠದಿಂದ ಇಳಿದು ಬಂದು ಅವರ ಎರಡು ಕೈಯನ್ನೂ ಹಿಡಿದುಕೊಂಡ. ಗಾಜಿನ ಹಿಂದೆ ಅವನ ಕಣ್ಣು ತಟ್ಟೆಯಷ್ಟು ದೊಡ್ಡದಾಗಿ ನೀರು ತುಂಬಿತ್ತು.

"ನಿಮ್ಮನೇಲಿ ಮಲಗಿ ಎದ್ದ ಗಳಿಗೆ ಭಾವ, ಕಣ್ಣು ತೆರೀತು. ಆದ್ರೂ ಮೈಮರೆಯಲ್ಲ. ಮೇ ತಿಂಗಳಲ್ಲಿ ಬನ್ನಿ, ನಂಬರು ಬದಲಾಗಿರುತ್ತೆ, ಹೊಸ ಕನ್ನಡಕ ಬರೆದುಕೊಡ್ತೀವಿ ಅಂದಿದಾರೆ ಡಾಕ್ಟ್ರು. ವರ್ಷ ವರ್ಷಾನೂ ತೋರಿಸ್ತೀನಿ. ಡಾಕ್ಟ್ರ ಮಾತು ಮೀರೋನಲ್ಲ ನಾನು."

ಯೋಗನರಸಿಂಹಯ್ಯನವರ ಕೈ ಕನ್ನಡಕದ ಕಡೆಗೆ ಹೋಯಿತು. ಈಗಲೇ ಇಬ್ಬರದನ್ನೂ ಅದಲುಬದಲು ಮಾಡಿಬಿಟ್ಟರೆ ಗೆರೆ ಹೊಡೆದ ಹೆಸರು ಎದ್ದು ಕೂರುತ್ತದೆ. ಆದರೆ ಅದಲುಬದಲಾದದ್ದು ಹೇಗೆ ಎಂದು ಜನ ಕೇಳುತ್ತಾರೆ. ಎರಡನೇ ಸಾಲಿನಲ್ಲಿ ಕೌಸಲ್ಯ ಕೂತಿದ್ದರು. ಅವರ ಪಕ್ಕದಲ್ಲಿ ಅಲಮೇಲಮ್ಮ, ಬಚ್ಚಲುಮನೆಯ ವಿಷಯ ಇನ್ನೂ ಬಗೆಹರಿಯದ ಮುಖ ಮಾಡಿಕೊಂಡು ಇವರನ್ನೇ ನೋಡುತ್ತಿದ್ದರು. ಕೈ ಕೆಳಗಿಳಿಯಿತು.

ಜನ ಕಾಯುತ್ತಿದ್ದರು. ಯೋಗನರಸಿಂಹಯ್ಯ ಗಂಟಲು ಸರಿಮಾಡಿಕೊಂಡು, ಕಾಗದವನ್ನು ಎತ್ತಿ ಹಿಡಿದು, ಶ್ರೀಯುತ ಪಟ್ಟಾಭಿರಾಮ್ ಇವರನ್ನು ಜೀವಮಾನ ಪರ್ಯಂತ ಪಂಚಾಂಗ ಶ್ರವಣಕ್ಕೆ ಗೊತ್ತುಮಾಡಿರುವುದನ್ನು ದಿನಾಂಕ, ರುಜು ಸಮೇತ ಓದಿದರು. ನಾಲ್ಕು ವರ್ಷದ ಮೇಲೆ ಅವರು ರಾಮಮಂದಿರದಲ್ಲಿ ನಿಂತು ಓದಿದ್ದು ಅದೇ ಮೊದಲು. ಎಲ್ಲಿಯೂ ತಡವರಿಸಲಿಲ್ಲ. ಈ ವಯಸ್ಸಿನಲ್ಲಿ ಇಂಥ ಕಣ್ಣು ಎಷ್ಟು ಜನಕ್ಕಿರುತ್ತದೆ ಎಂದು ಹಿಂದಿನ ಸಾಲಿನವರು ಮಾತಾಡಿಕೊಂಡರು.